ನಗೆ ನಟನದು, ರೀಲು ಯಾರದು?

ಪ್ಯಾರಿಸ್ಸಿನ ಪೂರ್ವದಂಚಿನಲ್ಲಿ ವಾನ್ಸೆನ್ ಕಾಡಿದೆ. ಅದರೊಳಗಿನ ದೋಮೆನಿಲ್ ಕೆರೆ ಹೆಪ್ಪುಗಟ್ಟಿದ್ದ ಒಂದು ಚಳಿಗಾಲದಲ್ಲಿ ಪಾತೆ ಕಂಪನಿಯವರು ದಡದಲ್ಲಿ ಕ್ಯಾಮೆರಾ ನಿಲ್ಲಿಸಿದರು. ರೇಷ್ಮೆಯ ಎತ್ತರದ ಟೋಪಿ, ಕರಿ ಕೋಟು ತೊಟ್ಟ ತರುಣನೊಬ್ಬ ಸ್ಕೇಟಿಂಗ್ ಬೂಟು ಕಟ್ಟಿಕೊಂಡು ಮಂಜುಗಡ್ಡೆಗೆ ಇಳಿದ. ಬಿದ್ದ, ಎದ್ದ, ಮತ್ತೆ ಬಿದ್ದ. ಟೋಪಿ ನಜ್ಜುಗುಜ್ಜಾಯಿತು. 1907ರಲ್ಲಿ ತೆರೆಕಂಡ ಈ ಪುಟ್ಟ ಮೂಕಿಚಿತ್ರದ ತರುಣನೇ ಮ್ಯಾಕ್ಸ್ ಲಿಂಡರ್. ಹುಟ್ಟು ಹೆಸರು ಗಾಬ್ರಿಯೆಲ್ ಲೂವಿಯೆಲ್. ಬೋರ್ಡೋ ಬಳಿಯ ಸೇಂಟ್-ಲೂಬೆಸ್ ಎಂಬ ಊರಿನಲ್ಲಿ ದ್ರಾಕ್ಷಿತೋಟ ಇದ್ದ ಮನೆಯ ಮಗ.

ಅದುವರೆಗೆ ತೆರೆಯ ಮೇಲಿನ ವಿದೂಷಕರೆಲ್ಲ ಮುಖ ಕಿವುಚಿ, ಮೈ ಕುಣಿಸಿ, ಸಾಮಾನು ಒಡೆದು ನಗಿಸುತ್ತಿದ್ದವರು. ಲಿಂಡರ್ ಹಾಗಲ್ಲ. ಅವನ ಪಾತ್ರ ಶ್ರೀಮಂತರ ಪೈಕಿಯ ಸೊಗಸುಗಾರ. ಏನೇ ಆದರೂ ಮಾನ ಹೋಗಬಾರದೆಂದು ಹೆಣಗುವವನು, ಹೆಣಗಿದಷ್ಟೂ ಮಾನ ಕಳೆದುಕೊಳ್ಳುವವನು. ಹಾಸ್ಯದ ಒಳಗೆ ಒಬ್ಬ ಮನುಷ್ಯನ ಪಾಡೂ ಇರಬಹುದೆಂದು ಸಿನಿಮಾ ಕಲಿತದ್ದು ಇಲ್ಲಿ. ಚಾರ್ಲಿ ಚಾಪ್ಲಿನ್ ಮುಂದೆ ತನ್ನದೊಂದು ಭಾವಚಿತ್ರಕ್ಕೆ ಸಹಿ ಹಾಕಿ ಲಿಂಡರನಿಗೆ ಕೊಟ್ಟಾಗ ಅವನನ್ನು ಗುರುವೆಂದೂ ತನ್ನನ್ನು ಶಿಷ್ಯನೆಂದೂ ಬರೆದುಕೊಟ್ಟ.

1911ರ ಹೊತ್ತಿಗೆ ಲಿಂಡರ್ ತನ್ನ ಚಿತ್ರಗಳನ್ನು ತಾನೇ ಬರೆದು, ತಾನೇ ನಿರ್ದೇಶಿಸುತ್ತಿದ್ದ. ಇದಕ್ಕೆ ಕಸುಬಿನ ಕಾರಣವಿದೆ. ಅಳುವ ದೃಶ್ಯದಲ್ಲಿ ಶಾಟು ಅರೆಕ್ಷಣ ತಡವಾಗಿ ಕಟ್ಟಾದರೂ ಅಳು ಅಳುವಾಗಿಯೇ ಉಳಿಯುತ್ತದೆ. ನಗೆ ಹಾಗಲ್ಲ. ಬಾಗಿಲು ಯಾವ ಕ್ಷಣ ತೆರೆಯಬೇಕು, ಕ್ಯಾಮೆರಾ ಎಷ್ಟು ದೂರ ನಿಲ್ಲಬೇಕು, ಎಲ್ಲಿ ಕತ್ತರಿ ಬೀಳಬೇಕು ಎಂಬುದರಲ್ಲಿ ಒಂದು ಕೂದಲೆಳೆ ತಪ್ಪಿದರೂ ನಗೆ ಸತ್ತುಹೋಗುತ್ತದೆ. ಆ ಲೆಕ್ಕ ಮೊದಲು ತಿಳಿಯುವುದು ಬೀಳುವವನ ಮೈಗೆ. ಹೀಗಾಗಿ ಫ್ರಾನ್ಸಿನಲ್ಲಿ ನಗೆನಟರು ಮತ್ತೆ ಮತ್ತೆ ನಿರ್ದೇಶಕರ ಕುರ್ಚಿಗೆ ಬಂದರು.

ಆದರೆ ನಗೆಯ ಮೇಲಿನ ಹಿಡಿತ ಬೇರೆ, ಆ ನಗೆಯನ್ನು ತುಂಬಿಕೊಂಡ ರೀಲಿನ ಮೇಲಿನ ಹಕ್ಕು ಬೇರೆ. ಫ್ರಾನ್ಸಿನ ನಟ-ನಿರ್ದೇಶಕರ ನೂರು ವರ್ಷಗಳ ಕಥೆ ಈ ಎರಡರ ನಡುವಿನ ಜಗ್ಗಾಟದ ಕಥೆ.

ಲಿಂಡರನದೇ ಅದರ ಮೊದಲ ಅಧ್ಯಾಯ. ಮೊದಲನೇ ಮಹಾಯುದ್ಧ ಅವನ ಆರೋಗ್ಯವನ್ನೂ ಮನಸ್ಸನ್ನೂ ಕೆಡಿಸಿತು. ಚಾಪ್ಲಿನ್ ಬಿಟ್ಟುಹೋದ ಜಾಗ ತುಂಬಲು ಎಸ್ಸನೇ ಕಂಪನಿ ಅವನನ್ನು ಅಮೆರಿಕಕ್ಕೆ ಕರೆಸಿಕೊಂಡಿತು, ಅದು ಕೈಗೂಡಲಿಲ್ಲ. ಎರಡನೇ ಸಲ ಹೋಗಿ 1921ರಲ್ಲಿ ‘ಸೆವೆನ್ ಇಯರ್ಸ್ ಬ್ಯಾಡ್ ಲಕ್’ ಮಾಡಿದ. ಕನ್ನಡಿ ಒಡೆದುಹೋದದ್ದನ್ನು ಮುಚ್ಚಿಡಲು ಅಡುಗೆಯವನು ಚೌಕಟ್ಟಿನ ಆಚೆ ನಿಂತು ಯಜಮಾನನ ಪ್ರತಿಬಿಂಬವಾಗಿ ನಟಿಸುವ ದೃಶ್ಯ ಇರುವುದು ಇದರಲ್ಲೇ. 1933ರಲ್ಲಿ ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ನಲ್ಲಿ ಅಂಥದೇ ದೃಶ್ಯ ಬಂದಾಗ ಜಗತ್ತು ಹೊಟ್ಟೆ ಹಿಡಿದು ನಕ್ಕಿತು. ಆಗ ಲಿಂಡರ್ ಇರಲಿಲ್ಲ. 1925ರಲ್ಲಿ ಅವನೂ ಹೆಂಡತಿಯೂ ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಇನ್ನೂ ಎರಡು ತುಂಬದ ಮಗಳು ಮೋದ್ ಉಳಿದಳು. ಅಪ್ಪನ ರೀಲುಗಳು ದಿಕ್ಕಾಪಾಲಾಗಿದ್ದವು. ಮೋದ್ ಬೆಳೆದು ದೊಡ್ಡವಳಾಗಿ, ಅವುಗಳನ್ನು ಹುಡುಕಿ ತಂದು, 1963ರಲ್ಲಿ ಒಂದು ಸಂಕಲನ ಚಿತ್ರವನ್ನೂ 1983ರಲ್ಲಿ ‘ರೇಷ್ಮೆ ಟೋಪಿಯ ಮನುಷ್ಯ’ ಎಂಬ ಸಾಕ್ಷ್ಯಚಿತ್ರವನ್ನೂ ಮಾಡಿದಳು. ಲಿಂಡರನ ಹೆಸರು ಇಂದು ಬದುಕಿರುವುದರಲ್ಲಿ ಮಗಳ ಪಾಲು ದೊಡ್ಡದು.

ಸಿನಿಮಾಕ್ಕೆ ಮಾತು ಬಂದ ಮೇಲೆ ಬಂದವನು ಸಾಷಾ ಗೀತ್ರಿ. ನಾಟಕಕಾರ, ನಟ, ನಿರ್ದೇಶಕ, ಮೂರೂ ಒಬ್ಬನೇ. 1936ರ ‘ಒಬ್ಬ ಮೋಸಗಾರನ ಕಥೆ’ಯಲ್ಲಿ ಪಾತ್ರಗಳಿಗೆ ಮಾತೇ ಕಡಿಮೆ, ಹೆಚ್ಚುಕಡಿಮೆ ಇಡೀ ಚಿತ್ರವನ್ನು ಗೀತ್ರಿಯ ದನಿಯೇ ಹೇಳಿಕೊಂಡು ಹೋಗುತ್ತದೆ. ಕಲಾವಿದರ ಹೆಸರುಗಳನ್ನೂ ಅವನು ತೆರೆಯ ಮೇಲೆ ಬರೆಸಲಿಲ್ಲ, ಬಾಯಲ್ಲೇ ಪರಿಚಯಿಸಿದ. ಸಿನಿಮಾ ಪಂಡಿತರು ಇವನನ್ನು ನಾಟಕದವನೆಂದು ದೂರ ಇಟ್ಟರು. ಮುಂದಿನ ತಲೆಮಾರಿನ ಫ್ರಾನ್ಸ್ವಾ ತ್ರೂಫೊ ಮಾತ್ರ ಇವನನ್ನು ಮನಸಾರೆ ಮೆಚ್ಚಿದ. ಗೀತ್ರಿ ತೀರಿಕೊಂಡ 1957ರಲ್ಲೇ ಫ್ರಾನ್ಸ್ ಹೊಸ ಕೃತಿಸ್ವಾಮ್ಯ ಕಾಯಿದೆ ತಂದಿತು. ಚಿತ್ರಕಥೆ ಬರೆದವರು, ಸಂಭಾಷಣೆ ಬರೆದವರು, ಸಂಗೀತ ಕಟ್ಟಿದವರು, ನಿರ್ದೇಶಿಸಿದವರು ಎಲ್ಲರೂ ಚಿತ್ರದ ಕೃತಿಕಾರರು ಎಂದು ಅದು ಸಾರಿತು. ಜೊತೆಗೆ, ಬೇರೆ ಒಪ್ಪಂದ ಇಲ್ಲದಿದ್ದರೆ ಚಿತ್ರವನ್ನು ಪ್ರದರ್ಶಿಸಿ ಗಳಿಸುವ ಹಕ್ಕು ನಿರ್ಮಾಪಕನಿಗೆ ಸೇರುತ್ತದೆ ಎಂದೂ ಹೇಳಿತು. ಹೆಸರು ಕಲಾವಿದನಿಗೆ, ಪೆಟ್ಟಿಗೆಯ ಕೀಲಿ ಹಣ ಹಾಕಿದವನಿಗೆ.

ಎರಡೂ ತನ್ನಲ್ಲೇ ಇರಲಿ ಎಂದು ಹಟ ಹಿಡಿದವನು ಜಾಕ್ ತಾತಿ.

ಲಿಂಡರ್ ಮಂಜುಗಡ್ಡೆಯ ಮೇಲೆ ಬಿದ್ದ 1907ರಲ್ಲೇ ಹುಟ್ಟಿದವನು ಇವನು. ಅಜ್ಜ ರಷ್ಯಾದವನು, ಮನೆತನದ ಹೆಸರು ತಾತಿಶೆಫ್. ಅಪ್ಪನದು ಚಿತ್ರಗಳಿಗೆ ಚೌಕಟ್ಟು ಹಾಕುವ ಕಸುಬು. ಆರಡಿ ಮೀರಿದ ಈ ಹುಡುಗ ರಗ್ಬಿ ಆಡುತ್ತಿದ್ದ. ಆಟ ಮುಗಿದ ಮೇಲೆ ಗೆಳೆಯರ ಮುಂದೆ ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಸವಾರ ಎಲ್ಲರನ್ನೂ ಮಾತಿಲ್ಲದೆ ಮೈಯಲ್ಲೇ ಆಡಿ ತೋರಿಸುತ್ತಿದ್ದ. ಅದೇ ಮುಂದೆ ರಂಗದ ಮೇಲಿನ ಮೂಕಾಭಿನಯವಾಯಿತು. 1936ರಲ್ಲಿ ಲೇಖಕಿ ಕೊಲೆತ್ ಅದನ್ನು ನೋಡಿ, ಸವಾರನೂ ಇವನೇ ಕುದುರೆಯೂ ಇವನೇ ಎಂಬರ್ಥದಲ್ಲಿ ಮೆಚ್ಚಿ ಬರೆದಳು.

1947ರ ಬೇಸಿಗೆಯಲ್ಲಿ ತಾತಿ ಸೇಂಟ್-ಸೆವೆರ್ ಎಂಬ ಹಳ್ಳಿಗೆ ಹೋಗಿ, ಹಳ್ಳಿಗರನ್ನೇ ಜೊತೆಗಿಟ್ಟುಕೊಂಡು ‘ಹಬ್ಬದ ದಿನ’ ಚಿತ್ರೀಕರಿಸಿದ. ಜಾತ್ರೆಯ ಟೆಂಟಿನಲ್ಲಿ ಅಮೆರಿಕದ ಅಂಚೆಯ ವೇಗದ ಬಗ್ಗೆ ಸಿನಿಮಾ ನೋಡಿ, ತನ್ನ ಹಳೇ ಸೈಕಲ್ಲಿನಲ್ಲೇ ಅದನ್ನು ಮೀರಿಸಲು ಹೊರಡುವ ಅಂಚೆಯವನ ಕಥೆ ಅದು. ಹಿಂದಿನ ವರ್ಷವಷ್ಟೇ ಆದ ಒಪ್ಪಂದದಂತೆ ಅಮೆರಿಕದ ಚಿತ್ರಗಳು ಫ್ರಾನ್ಸಿನ ಚಿತ್ರಮಂದಿರಗಳಿಗೆ ನುಗ್ಗುತ್ತಿದ್ದ ಕಾಲ. ತಾತಿ ಅದನ್ನು ಫ್ರಾನ್ಸಿನ ಮೊದಲ ವರ್ಣಚಿತ್ರಗಳಲ್ಲಿ ಒಂದಾಗಿ ತರಬೇಕೆಂದು ಥಾಮ್ಸನ್-ಕಲರ್ ಎಂಬ ಹೊಸ ವಿಧಾನದಲ್ಲಿ ತೆಗೆದ. ಎಚ್ಚರಿಕೆಗೆಂದು ಪಕ್ಕದಲ್ಲೇ ಕಪ್ಪುಬಿಳುಪಿನ ಕ್ಯಾಮೆರಾವನ್ನೂ ಓಡಿಸಿದ. ಆ ಎಚ್ಚರಿಕೆಯೇ ಕಾಪಾಡಿತು: ಬಣ್ಣದ ರೀಲಿನಿಂದ ಪ್ರತಿ ತೆಗೆಯಲು ಕಂಪನಿಗೇ ಆಗಲಿಲ್ಲ. 1949ರಲ್ಲಿ ಚಿತ್ರ ಕಪ್ಪುಬಿಳುಪಿನಲ್ಲಿ ಬಂದು ಗೆದ್ದಿತು. ಬಣ್ಣದ ರೂಪವನ್ನು ಜನ ನೋಡಿದ್ದು 1995ರಲ್ಲಿ, ಮಗಳು ಸೋಫಿ ತಾತಿಶೆಫ್ ಮುತುವರ್ಜಿ ವಹಿಸಿ ಅದನ್ನು ಉಳಿಸಿದ ಮೇಲೆ. ಇಲ್ಲೂ ಮಗಳೇ.

1953ರ ‘ಮೊಸ್ಯೂ ಯೂಲೋನ ರಜೆ’ಯಲ್ಲಿ ತಾತಿಯ ಹೆಸರಾಂತ ಪಾತ್ರ ಹುಟ್ಟಿತು. ಬಾಯಲ್ಲಿ ಪೈಪು, ಗಿಡ್ಡ ಪ್ಯಾಂಟು, ಮುಂದಕ್ಕೆ ವಾಲಿದ ನಡಿಗೆ, ಯಾರಿಗೂ ಕೇಡು ಬಗೆಯದ ಮುಜುಗರದ ಮನುಷ್ಯ. ಸಮುದ್ರ ತೀರದ ಹೋಟೆಲಿನಲ್ಲಿ ರಜೆ ಕಳೆಯುವವರ ನಡುವೆ ಅವನೊಬ್ಬನೇ ನಿಜವಾಗಿ ರಜೆಯಲ್ಲಿರುವವನು. ಮಾತು ಬರೀ ಗೊಣಗು. ನಗಿಸುವುದು ಊಟದ ಕೋಣೆಯ ಬಾಗಿಲಿನ ಸದ್ದು. ಶಬ್ದವನ್ನೆಲ್ಲ ತಾತಿ ಚಿತ್ರೀಕರಣದ ನಂತರ ಒಂದೊಂದಾಗಿ ಕೂರಿಸುತ್ತಿದ್ದ. 1958ರ ‘ನನ್ನ ಸೋದರಮಾವ’ದಲ್ಲಿ ಯೂಲೋ ಹಳೇ ಪ್ಯಾರಿಸ್ಸಿನ ಓಣಿಯವನು, ಅವನ ಅಕ್ಕನ ಸಂಸಾರ ಎಲ್ಲವೂ ಸ್ವಿಚ್ಚಿನಿಂದ ನಡೆಯುವ ಹೊಸ ಬಂಗಲೆಯದು. ಅಂಗಳದಲ್ಲಿ ಮೀನಿನಾಕಾರದ ಕಾರಂಜಿ. ಗೇಟಿನ ಗಂಟೆ ಬಾರಿಸಿದರೆ ಅಕ್ಕ ಓಡಿಬಂದು ಅದನ್ನು ಚಾಲೂ ಮಾಡುತ್ತಾಳೆ. ಬಂದವರು ಲೆಕ್ಕಕ್ಕಿಲ್ಲದ ಮನೆಯವರೇ ಆದರೆ ತಕ್ಷಣ ಬಂದ್. ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ, ಮರುವರ್ಷ ಅತ್ಯುತ್ತಮ ವಿದೇಶಿ ಚಿತ್ರಕ್ಕೆ ಆಸ್ಕರ್. ತಾತಿ ಈಗ ಏನು ಕೇಳಿದರೂ ಸಿಗುವ ಎತ್ತರದಲ್ಲಿದ್ದ.

ಅವನು ಕೇಳಿದ್ದು ಒಂದು ನಗರ.

1964ರಲ್ಲಿ ವಾನ್ಸೆನ್ ಕಾಡಿನ ಪಕ್ಕ, ಜ್ವಾಂವಿಲ್ ಕಡೆಗಿರುವ ಬಯಲಿನಲ್ಲಿ, ಅಂದರೆ ಲಿಂಡರ್ ಬಿದ್ದ ಕೆರೆಯಿಂದ ಹೆಚ್ಚು ದೂರವಲ್ಲದ ಜಾಗದಲ್ಲಿ, ಗಾಜು ಉಕ್ಕುಗಳ ಸೆಟ್ಟು ಏಳತೊಡಗಿತು. ಸುಮಾರು 15,000 ಚದರ ಮೀಟರಿನ ಆ ಜಾಗಕ್ಕೆ ಜನ ‘ತಾತಿವಿಲ್’ ಎಂದು ಹೆಸರಿಟ್ಟರು. ಡಾಂಬರು ರಸ್ತೆ, ಟ್ರಾಫಿಕ್ ದೀಪ, ಸ್ವಂತದ ವಿದ್ಯುತ್ ವ್ಯವಸ್ಥೆ, ಬೇಕಾದ ಕಡೆಗೆ ಸರಿಸಬಹುದಾದ ಕಟ್ಟಡದ ಮುಖಗಳು. ದೂರದಲ್ಲಿ ನಿಂತ ಕೆಲವು ಮನುಷ್ಯರು ಆಳೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಫೋಟೋಗಳು. ಶುರುವಿನಲ್ಲೇ ಬಿರುಗಾಳಿ ಬಂದು ಸೆಟ್ಟಿನ ಒಂದು ಭಾಗ ಹಾಳಾಯಿತು. ಬಿಸಿಲು ಮೋಡಗಳಿಗಾಗಿ ಕಾಯುವುದು, ದುಡ್ಡು ಮುಗಿದಾಗ ನಿಲ್ಲುವುದು, ಮತ್ತೆ ಸಾಲ ತಂದು ಶುರುಮಾಡುವುದು, ಹೀಗೆ ಮೂರು ವರ್ಷ. ಫ್ರಾನ್ಸಿನಲ್ಲಿ ಅದುವರೆಗೆ ತೆಗೆದ ಚಿತ್ರಗಳಲ್ಲೇ ಅತಿ ದುಬಾರಿಯ ಸಾಲಿಗೆ ‘ಪ್ಲೇಟೈಮ್’ ಸೇರಿತು. ತಾತಿ ತನ್ನ ಸ್ಪೆಕ್ಟಾ ಫಿಲ್ಮ್ಸ್ ಕಂಪನಿಯ ಆಸ್ತಿಯನ್ನೂ ಮನೆಯನ್ನೂ ಹಳೆಯ ಚಿತ್ರಗಳ ಹಕ್ಕುಗಳನ್ನೂ ಪಣಕ್ಕಿಟ್ಟ.

ಇಷ್ಟೆಲ್ಲ ಯಾಕೆ? ನಾಯಕನನ್ನು ತೆಗೆದುಹಾಕುವುದಕ್ಕೆ. ನಗೆ ಯೂಲೋನೊಬ್ಬನ ಸ್ವತ್ತಲ್ಲ, ದಾರಿಯಲ್ಲಿ ಹೋಗುವ ಯಾರಲ್ಲಾದರೂ ಕಾಣಬಹುದು ಎಂಬುದು ತಾತಿಯ ನಂಬಿಕೆ. ಅದಕ್ಕೇ 70 ಎಂಎಂ ಅಗಲದ ತೆರೆ, ದೂರ ನಿಂತ ಕ್ಯಾಮೆರಾ, ಕ್ಲೋಸಪ್ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಚೌಕಟ್ಟಿನಲ್ಲಿ ನಾಲ್ಕೈದು ಕಡೆ ನಾಲ್ಕೈದು ತಮಾಷೆ. ಯಾವುದನ್ನು ನೋಡಬೇಕೆಂದು ಯಾರೂ ಬೆರಳು ತೋರುವುದಿಲ್ಲ. ಯೂಲೋ ಇದ್ದಾನೆ, ಆದರೆ ಜನಜಂಗುಳಿಯಲ್ಲಿ ಒಬ್ಬನಾಗಿ. ಆಗತಾನೆ ತೆರೆದ ರೆಸ್ಟೋರೆಂಟಿನ ಗಾಜಿನ ಬಾಗಿಲು ಪುಡಿಯಾದಾಗ, ದ್ವಾರಪಾಲಕ ಹಿಡಿಯೊಂದನ್ನೇ ಗಾಳಿಯಲ್ಲಿ ಹಿಡಿದು, ಇಲ್ಲದ ಬಾಗಿಲನ್ನು ಬಂದವರಿಗೆಲ್ಲ ಅದಬಿನಿಂದ ತೆರೆದು ಮುಚ್ಚುತ್ತಾನೆ. ಗಿರಾಕಿಗಳು ಅದೇ ಅದಬಿನಿಂದ ಒಳಹೋಗುತ್ತಾರೆ.

1967ರ ಡಿಸೆಂಬರ್‌ನಲ್ಲಿ ಚಿತ್ರ ಪ್ಯಾರಿಸ್ಸಿನಲ್ಲಿ ತೆರೆಕಂಡಿತು. ಜನ ಯೂಲೋನನ್ನು ಹುಡುಕಿಕೊಂಡು ಬಂದಿದ್ದರು, ಅವನು ಸಿಗಲಿಲ್ಲ. 70 ಎಂಎಂ ಸೌಕರ್ಯ ಇರುವ ಮಂದಿರದಲ್ಲೇ ತೋರಿಸಬೇಕೆಂಬ ತಾತಿಯ ಹಟದಿಂದ ತೆರೆಗಳ ಸಂಖ್ಯೆಯೂ ಕಡಿಮೆಯಾಯಿತು. ಬಿಡುಗಡೆಯಾದ ಮೇಲೆ ತಾನೇ ಕತ್ತರಿ ಹಿಡಿದು ಒಂದಷ್ಟು ನಿಮಿಷ ತೆಗೆದ, ಪ್ರಯೋಜನವಾಗಲಿಲ್ಲ. ಅಮೆರಿಕದಲ್ಲಿ ಅದು ತೆರೆ ಕಂಡದ್ದು 1973ರಲ್ಲಿ. ಸೆಟ್ಟನ್ನು ಕೆಡವದೆ ಸಿನಿಮಾ ಕಲಿಯುವವರಿಗೆ ಬಿಟ್ಟುಕೊಡಿ ಎಂದು ತಾತಿ ಕೇಳಿಕೊಂಡ. ಅದನ್ನೂ ನೆಲಸಮ ಮಾಡಿದರು. ಕಂಪನಿ ದಿವಾಳಿಯಾಯಿತು. ಅಂಚೆಯವನು, ಯೂಲೋ, ಸೋದರಮಾವ, ಎಲ್ಲವೂ ಸಾಲ ಕೊಟ್ಟವರ ಪಾಲಾಗಿ, ಕೆಲವು ವರ್ಷ ತಾತಿಯ ಚಿತ್ರಗಳೇ ಕಣ್ಣಿಗೆ ಬೀಳದಾದವು. ಈ ನಡುವೆ ಅವನು 1971ರಲ್ಲಿ ‘ಟ್ರಾಫಿಕ್’ ಮಾಡಿದ, 1974ರಲ್ಲಿ ಸ್ವೀಡನ್ನಿನ ಟಿ.ವಿ.ಗಾಗಿ ಸರ್ಕಸ್ಸಿನ ‘ಪರೇಡ್’ ಮಾಡಿದ. 1982ರ ನವೆಂಬರ್‌ನಲ್ಲಿ ತೀರಿಕೊಂಡ. ಮೂರು ದಶಕದಲ್ಲಿ ಒಟ್ಟು ಆರು ಪೂರ್ಣಚಿತ್ರಗಳು, ಅಷ್ಟೇ.

ಹಟವೇ ಅವನನ್ನು ಮುಳುಗಿಸಿತೆಂದು ಹೇಳುವುದು ಸುಲಭ. ಆದರೆ ಅದೇ ಹಟ ಇಲ್ಲದಿದ್ದರೆ ಬಾಗಿಲಿನ ಸದ್ದಿಗೆ ನಗುವ ಚಿತ್ರವೂ ಹುಟ್ಟುತ್ತಿರಲಿಲ್ಲ. ತಾತಿ ತಪ್ಪಿದ್ದು ಕಲೆಯಲ್ಲಲ್ಲ, ಒಂದು ಚಿತ್ರದ ಸಾಲಕ್ಕೆ ಉಳಿದ ಚಿತ್ರಗಳನ್ನೂ ಜಾಮೀನಿಟ್ಟದ್ದರಲ್ಲಿ.

ತಾತಿಯ ಕೈಕೆಳಗೆ ಕಲಿತವನು ಪಿಯೆರ್ ಎತೆ. 1928ರಲ್ಲಿ ರೋವಾನ್ ಊರಿನಲ್ಲಿ ಹುಟ್ಟಿದ ಚಿತ್ರಗಾರ, ಸರ್ಕಸ್ಸಿನ ಹುಚ್ಚಿನವನು. ‘ನನ್ನ ಸೋದರಮಾವ’ಕ್ಕೆ ತಮಾಷೆಗಳನ್ನು ಹೊಳೆಯಿಸಿ, ಚಿತ್ರಿಸಿ ಕೊಟ್ಟವನು, ಆ ಚಿತ್ರದ ಪೋಸ್ಟರನ್ನೂ ಬರೆದವನು. ತಾತಿಯ ಚಿತ್ರಗಳನ್ನು ಕಾದಂಬರಿಯಾಗಿ ಬರೆಯುತ್ತಿದ್ದ ಝಾನ್-ಕ್ಲೋದ್ ಕಾರಿಯೇರ್ ಎಂಬ ತರುಣನ ಗೆಳೆತನ ಅಲ್ಲೇ ಆಯಿತು. ಇದೇ ಕಾರಿಯೇರ್ ಮುಂದೆ ಪೀಟರ್ ಬ್ರೂಕ್ 1985ರಲ್ಲಿ ಅವಿನ್ಯೋನಿನಲ್ಲಿ ಆಡಿಸಿದ ‘ಮಹಾಭಾರತ’ವನ್ನು ರಂಗಕ್ಕೆ ಬರೆದು ಭಾರತೀಯರಿಗೂ ಪರಿಚಿತನಾದವನು.

ಇಬ್ಬರೂ ಸೇರಿ ಮಾಡಿದ ‘ವಾರ್ಷಿಕೋತ್ಸವದ ಶುಭಾಶಯ’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಬಂತು: ಮದುವೆಯ ವಾರ್ಷಿಕೋತ್ಸವದ ಊಟಕ್ಕೆ ಹೊರಟ ಗಂಡ ಪ್ಯಾರಿಸ್ಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಕಥೆ. ಎತೆ ನಟಿಸಿ ನಿರ್ದೇಶಿಸಿದ ಮೊದಲ ಪೂರ್ಣಚಿತ್ರಕ್ಕೆ ಲೂಯಿ ದೆಲ್ಯೂಕ್ ಪ್ರಶಸ್ತಿ. 1965ರ ‘ಯೋಯೋ’ ಅವನ ಅತ್ಯುತ್ತಮ ಕೃತಿ: ಅರಮನೆಯಲ್ಲಿ ಒಂಟಿಯಾಗಿ ಬೇಸತ್ತ ಕೋಟ್ಯಧಿಪತಿ 1929ರ ಷೇರುಪೇಟೆ ಕುಸಿತದಲ್ಲಿ ಎಲ್ಲ ಕಳೆದುಕೊಂಡು, ಸರ್ಕಸ್ಸಿನ ಹುಡುಗಿಯ ಜೊತೆ ಗಾಡಿ ಹತ್ತಿ ಸುಖಿಯಾಗುತ್ತಾನೆ, ಅವನ ಮಗ ದೊಡ್ಡ ವಿದೂಷಕನಾಗಿ ಗಳಿಸಿ, ಅದೇ ಅರಮನೆಯನ್ನು ಮತ್ತೆ ಕೊಂಡು, ಅಪ್ಪನ ಬೇಸರಕ್ಕೇ ಬಂದು ತಲುಪುತ್ತಾನೆ. 1969ರ ‘ಮಹಾಪ್ರೇಮ’ದಲ್ಲಿ ಸಂಸಾರಸ್ಥನೊಬ್ಬನ ಕನಸಿನ ದೃಶ್ಯ ಇದೆ. ಮಂಚಗಳು ಹಳ್ಳಿಯ ರಸ್ತೆಯಲ್ಲಿ ಓಡುತ್ತವೆ, ಒಂದು ಕೆಟ್ಟು ನಿಂತಿದೆ, ಇನ್ನೆರಡು ಡಿಕ್ಕಿ ಹೊಡೆದುಕೊಂಡಿವೆ. ಹಾಸ್ಯದ ತಳದಲ್ಲಿ ವಿಷಾದ ಹರಿಯುವ ಫ್ರೆಂಚ್ ಗುಣಕ್ಕೆ ಎತೆಗಿಂತ ಒಳ್ಳೆಯ ಉದಾಹರಣೆ ಕಡಿಮೆ.

ಆಮೇಲೆ ಅವನು ಬೇಸಿಗೆ ರಜೆಯ ಜನರ ಮೇಲೆ ‘ಪೇಯಿ ದ ಕೊಕಾನ್ಯ್’ ಎಂಬ ಕಟುವಾದ ಸಾಕ್ಷ್ಯಚಿತ್ರ ಮಾಡಿದ. ಫ್ರೆಂಚರು ತಮ್ಮ ಮುಖವನ್ನೇ ನೋಡಿ ಸಿಟ್ಟಾದರು. 1971ರಲ್ಲಿ ವಿಮರ್ಶಕರು ಅದನ್ನು ಹರಿದುಹಾಕಿದರು. ಎತೆ ಸಿನಿಮಾದಿಂದ ಸರ್ಕಸ್ಸಿಗೆ ಸರಿದ, ಹೆಂಡತಿ ಆನಿ ಫ್ರಾತೆಲ್ಲಿನಿಯ ಜೊತೆ ಸರ್ಕಸ್ ಶಾಲೆ ಕಟ್ಟಿದ. ಅವನ ಐದು ಪೂರ್ಣಚಿತ್ರಗಳಿಗೂ ಕಿರುಚಿತ್ರಗಳಿಗೂ ಇನ್ನೊಂದು ಗತಿ ಬಂತು. ಹಕ್ಕಿನ ಕಾಗದಪತ್ರಗಳ ಸಿಕ್ಕಿನಲ್ಲಿ ಸಿಲುಕಿ ಅವು ವರ್ಷಗಟ್ಟಲೆ ಎಲ್ಲೂ ಪ್ರದರ್ಶನವಾಗದಂತಾದವು. ಮಾಡಿದವನೇ ತನ್ನ ಚಿತ್ರವನ್ನು ತೋರಿಸುವಂತಿಲ್ಲ! 2009ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ನ್ಯಾಯಾಲಯದ ಹೋರಾಟ ಮುಗಿದು, ಚಿತ್ರಗಳ ದುರಸ್ತಿಯಾಗಿ, 2010ರಲ್ಲಿ ಅವು ಮತ್ತೆ ತೆರೆಗೆ ಬಂದಾಗ ಎತೆಗೆ ಎಂಬತ್ತೊಂದು. ಹೊಸ ತಲೆಮಾರು ಅವನನ್ನು ಹೊಸ ನಿರ್ದೇಶಕನನ್ನು ಕಂಡಂತೆ ಕಂಡಿತು. 2016ರಲ್ಲಿ ತೀರಿಕೊಳ್ಳುವ ಮುನ್ನ ಆ ಚಪ್ಪಾಳೆಯಾದರೂ ಅವನಿಗೆ ದಕ್ಕಿತು.

ಮುಂದಿನ ತಲೆಮಾರು ಬೇರೆ ದಾರಿ ಹಿಡಿಯಿತು. 1968ರ ಮೇ ದಂಗೆಯ ನಂತರ ಪ್ಯಾರಿಸ್ಸಿನಲ್ಲಿ ಪುಟ್ಟ ಕೆಫೆ-ರಂಗಮಂದಿರಗಳು ಹುಟ್ಟಿಕೊಂಡವು. 1969ರಲ್ಲಿ ರೊಮೇನ್ ಬೂತೆಯ್, ಕೊಲ್ಯೂಶ್, ಮ್ಯೂ-ಮ್ಯೂ, ಪಾತ್ರಿಕ್ ದೆವೇರ್ ಮುಂತಾದವರು ‘ಕೆಫೆ ದ ಲಾ ಗಾರ್’ ತೆರೆದರು. ಅದರ ಹಿಂದೆಯೇ ನೊಯ್ಯಿಯ ಒಂದೇ ಶಾಲೆಯಲ್ಲಿ ಓದಿದ ಮಿಶೆಲ್ ಬ್ಲಾಂ, ಜೆರಾರ್ ಜ್ಯೂನ್ಯೋ, ಕ್ರಿಸ್ತಿಯಾನ್ ಕ್ಲಾವಿಯೆ, ತಿಯೆರಿ ಲೆರ್ಮಿತ್ ಸೇರಿ ‘ಸ್ಪ್ಲಾಂದಿದ್’ ತಂಡ ಕಟ್ಟಿದರು. ಮರಿ-ಆನ್ ಶಾಜೆಲ್, ಬ್ರ್ಯೂನೋ ಮ್ವಾನೋ, ಜೋಸಿಯಾನ್ ಬಾಲಾಸ್ಕೊ ಜೊತೆಯಾದರು. ರಂಗಮಂದಿರವನ್ನು ತಾವೇ ರಿಪೇರಿ ಮಾಡಿ ಸಜ್ಜುಗೊಳಿಸಿದರು. ಯಾರೂ ಪಾತ್ರ ಕೊಡದಿದ್ದರೆ ಪಾತ್ರವನ್ನೇ ಬರೆದುಕೊಳ್ಳುವುದು ಇವರ ಸೂತ್ರ, ಬರವಣಿಗೆಗೆ ಇಡೀ ತಂಡದ ಹೆಸರು. ರಜಾ ಕ್ಲಬ್ಬುಗಳನ್ನು ಗೇಲಿ ಮಾಡಿದ ಇವರ ನಾಟಕವೇ 1978ರಲ್ಲಿ ಪಾತ್ರಿಸ್ ಲೆಕೋಂತ್ ನಿರ್ದೇಶನದ ‘ಲೆ ಬ್ರೋಂಜೆ’ ಚಿತ್ರವಾಯಿತು.

ಬರೆಯಲು ಕಲಿತವರು ನಿರ್ದೇಶನಕ್ಕೆ ಕೈಹಾಕಲು ತಡವಾಗಲಿಲ್ಲ. ಫ್ರಾನ್ಸಿನಲ್ಲಿ ಚಿತ್ರದ ಗೆಲುವನ್ನು ಅಳೆಯುವುದು ಮಾರಾಟವಾದ ಟಿಕೆಟ್‌ಗಳ ಲೆಕ್ಕದಲ್ಲಿ. 1984ರಲ್ಲಿ ಬ್ಲಾಂ ನಿರ್ದೇಶಿಸಿ ನಟಿಸಿದ ‘ಮಾರ್ಶ್ ಆ ಲೋಂಬ್ರ್’ಗೆ 60 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು. ಅದೇ ವರ್ಷ ಜ್ಯೂನ್ಯೋ, ಮರುವರ್ಷ ಬಾಲಾಸ್ಕೊ ನಿರ್ದೇಶಕರಾದರು. 1994ರ ‘ಗ್ರೋಸ್ ಫತೀಗ್’ನಲ್ಲಿ ತನ್ನದೇ ಹೆಸರಿನಿಂದ ಮೆರೆಯುವ ತದ್ರೂಪಿಯೊಬ್ಬನ ಕಾಟಕ್ಕೆ ಸಿಕ್ಕ ನಟನ ಕಥೆ ಹೇಳಿ ಬ್ಲಾಂ ಕಾನ್‌ನಲ್ಲಿ ಚಿತ್ರಕಥೆಯ ಬಹುಮಾನ ಗೆದ್ದ. 1995ರಲ್ಲಿ ಬಾಲಾಸ್ಕೊ ‘ಗಾಜೋಂ ಮೋದಿ’ ಮಾಡಿದರು. ಗಂಡನ ಸುಳ್ಳುಗಳಿಂದ ಬೇಸತ್ತ ಗೃಹಿಣಿಯೊಬ್ಬಳು ಇನ್ನೊಬ್ಬ ಹೆಂಗಸನ್ನು ಪ್ರೀತಿಸುವ ಕಥೆ. ಹೆಣ್ಣು-ಹೆಣ್ಣಿನ ಪ್ರೇಮವನ್ನು ಮನೆಮಂದಿಯೆಲ್ಲ ನೋಡಿ ನಗುವ ಹಾಸ್ಯಚಿತ್ರದ ನಡುಮನೆಗೆ ತಂದು ಕೂರಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದರ ಚಿತ್ರಕಥೆಗೆ ಫ್ರಾನ್ಸಿನ ಸೆಸಾರ್ ಸಿನಿಮಾ ಪ್ರಶಸ್ತಿ ಬಂತು.

ಇವರಾರೂ ಮನೆ ಅಡವಿಟ್ಟು ಊರು ಕಟ್ಟಬೇಕಾಗಲಿಲ್ಲ. ಪ್ರತಿ ಟಿಕೆಟ್ಟಿನ ಮೇಲೆ ತೆರಿಗೆ ಹಾಕಿ ಅದನ್ನು ಮತ್ತೆ ಸಿನಿಮಾಕ್ಕೇ ಕೊಡುವ ವ್ಯವಸ್ಥೆ 1948ರಿಂದ ಇತ್ತು; ಗಳಿಕೆಯ ಮೇಲೆ ಮುಂಗಡ ಕೊಡುವ ಪದ್ಧತಿ 1959ರಲ್ಲಿ ಬಂತು; 1984ರಲ್ಲಿ ಶುರುವಾದ ಕನಾಲ್ ಪ್ಲುಸ್ ಟಿ.ವಿ. ಚಿತ್ರಗಳಲ್ಲಿ ದೊಡ್ಡದಾಗಿ ಹಣ ಹೂಡಿತು. ಅಪಾಯ ಹಂಚಿಹೋದಾಗ ನಟ-ನಿರ್ದೇಶಕ ಸೋತರೂ ಮುಂದಿನ ಚಿತ್ರಕ್ಕೆ ಉಳಿಯುತ್ತಾನೆ.

ಈ ದಾರಿಯಲ್ಲೇ ಬಂದವರು ಅನ್ಯೆಸ್ ಜಾವೂಯಿ. 1987ರಲ್ಲಿ ಹೆರಾಲ್ಡ್ ಪಿಂಟರನ ನಾಟಕವೊಂದರ ತಾಲೀಮಿನಲ್ಲಿ ಝಾನ್-ಪಿಯೆರ್ ಬಾಕ್ರಿಯ ಪರಿಚಯವಾಯಿತು. ಇಬ್ಬರೂ ಕೂಡಿ ತಮಗಾಗಿ ನಾಟಕ ಬರೆದರು, ಅವು ಸಿನಿಮಾ ಆದವು. ಹಿರಿಯ ನಿರ್ದೇಶಕ ಅಲೆನ್ ರೆನೆಗೆ ಚಿತ್ರಕಥೆ ಬರೆದರು. 2000ದಲ್ಲಿ ಜಾವೂಯಿ ನಿರ್ದೇಶಿಸಿದ ಮೊದಲ ಚಿತ್ರ ‘ಇತರರ ಅಭಿರುಚಿ’. ಕಾರ್ಖಾನೆ ಮಾಲೀಕ ಕಾಸ್ತೆಲ್ಲಾ, ಅಂದರೆ ಬಾಕ್ರಿ, ಬಲವಂತಕ್ಕೆ ರಸೀನನ ನಾಟಕ ನೋಡಲು ಹೋಗಿ ಅದರ ನಟಿಗೆ ಮನಸೋಲುತ್ತಾನೆ. ತನಗೆ ಇಂಗ್ಲಿಷ್ ಕಲಿಸಲು ಬಂದಿದ್ದವಳೇ ಆಕೆ; ಆಗ ಬೇಡವೆಂದು ಕಳಿಸಿದ್ದ. ಅವಳ ಕಲಾವಿದ ಗೆಳೆಯರು ಅವನ ಅಜ್ಞಾನವನ್ನು ಅವನೆದುರೇ ಆಡಿಕೊಂಡು ನಗುತ್ತಾರೆ, ಅವನಿಗೆ ಅದು ತಿಳಿಯುವುದಿಲ್ಲ. ನೋಡುತ್ತಿರುವ ನಾವು ಯಾರ ಪರ ನಗಬೇಕು? ಜಾವೂಯಿ ಯಾರನ್ನೂ ಖಳರಾಗಿಸುವುದಿಲ್ಲ; ಸ್ವತಃ ಬಾರಿನಲ್ಲಿ ದುಡಿಯುವ ಹುಡುಗಿಯಾಗಿ ಬದಿಯಲ್ಲಿ ನಿಂತು ನೋಡುತ್ತಾರೆ. ಚಿತ್ರಕ್ಕೆ ನಾಲ್ಕು ಸೆಸಾರ್ ಪ್ರಶಸ್ತಿ, ಅದರಲ್ಲಿ ಅತ್ಯುತ್ತಮ ಚಿತ್ರದ್ದೂ ಒಂದು. ಬಾಕ್ರಿ 2021ರ ಜನವರಿಯಲ್ಲಿ ತೀರಿಕೊಂಡರು.

ಇಂದು ಈ ರೂಢಿ ಫ್ರೆಂಚ್ ಚಿತ್ರರಂಗದ ಮುಖ್ಯದಾರಿಯೇ ಆಗಿದೆ. ಡಾನಿ ಬೂನ್ ನಟಿಸಿ ನಿರ್ದೇಶಿಸಿದ 2008ರ ‘ಬ್ಯಾಂವೆನ್ಯೂ ಶೆ ಲೆ ಶ್ತಿ’ಗೆ 2 ಕೋಟಿಗೂ ಹೆಚ್ಚು ಟಿಕೆಟ್ ಹೋಗಿ ಫ್ರೆಂಚ್ ಚಿತ್ರಗಳ ದಾಖಲೆಯೇ ಮುರಿಯಿತು. ಆಲ್ಬೆರ್ ದ್ಯೂಪೋಂತೆಲ್ ನಟಿಸಿ ನಿರ್ದೇಶಿಸಿದ ‘ಅದಿಯೋ ಲೆ ಕೋಂ’ 2021ರಲ್ಲಿ ಅತ್ಯುತ್ತಮ ಚಿತ್ರದ ಸೆಸಾರ್ ಪಡೆಯಿತು. ತಾತಿಯ ಚಿತ್ರಗಳನ್ನು ಈಗ ನೋಡಿಕೊಳ್ಳುತ್ತಿರುವುದು ಮಗಳು ಸೋಫಿಯೂ ಬಂಧು ಜೆರೋಮ್ ದೆಶಾಂ ಮುಂತಾದವರೂ 2001ರಲ್ಲಿ ಕಟ್ಟಿದ ಕಂಪನಿ. ದುರಸ್ತಿಯಾದ ‘ಪ್ಲೇಟೈಮ್’ 2002ರಲ್ಲಿ ಕಾನ್‌ನಲ್ಲಿ ಮತ್ತೆ ತೆರೆಕಂಡಿತು. ಸಾಲದಲ್ಲಿ ಮುಳುಗಿಸಿದ ಆ ಚಿತ್ರವನ್ನು ಇಂದು ವಿಮರ್ಶಕರು ತಾತಿಯ ಅತಿ ದೊಡ್ಡ ಕೃತಿಯೆಂದು ಎಣಿಸುತ್ತಾರೆ.

ಈ ಚರಿತ್ರೆಯಿಂದ ಹೊರಡುವ ತೀರ್ಪು ಸರಳ. ನಗಿಸುವವನಿಗೆ ನಿರ್ದೇಶನದ ಹಿಡಿತ ಬೇಕು, ಅದಿಲ್ಲದೆ ಲಿಂಡರನೂ ಇಲ್ಲ ತಾತಿಯೂ ಇಲ್ಲ. ಆದರೆ ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನು ಅಷ್ಟೇ ಜೋಪಾನವಾಗಿ ನೋಡಿಕೊಳ್ಳದಿದ್ದರೆ, ಆ ನಗೆ ಪ್ರೇಕ್ಷಕನನ್ನು ತಲುಪಲು ಮಗಳು ಹುಡುಕಬೇಕಾಗುತ್ತದೆ, ಇಲ್ಲವೇ ಐವತ್ತು ಸಾವಿರ ಜನ ಸಹಿ ಹಾಕಬೇಕಾಗುತ್ತದೆ. ಹೊಸದಾಗಿ ನೋಡುವವರು ಯೂಲೋನ ರಜೆಯಿಂದ ಶುರುಮಾಡಿ, ಆಮೇಲೆ ‘ಯೋಯೋ’, ಆಮೇಲೆ ‘ಇತರರ ಅಭಿರುಚಿ’ ನೋಡಿ. ‘ಪ್ಲೇಟೈಮ್’ ಅನ್ನು ಮಾತ್ರ ಮೊಬೈಲಿನಲ್ಲಿ ನೋಡಬೇಡಿ. ಸಿಗುವ ಅತಿ ದೊಡ್ಡ ತೆರೆಯ ಮುಂದೆ, ಎರಡು ಸಲ ನೋಡಿ.